ಖಾಲಿ ಮನೆಯ ಆಟ

ಶನಿವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಯಂಕಂಚಿಯ ಸರಕಾರಿ ಶಾಲೆಯಲ್ಲಿ ಆರನೆಯ ತರಗತಿಯ ಆರು ಮಕ್ಕಳು ಒಂದು ಮುಚ್ಚಿದ ಬಾಗಿಲಿನ ಎದುರು ನಿಂತರು. ಆರರಲ್ಲಿ ಒಬ್ಬರೂ ಅದನ್ನು ತೆರೆಯಲಿಲ್ಲ.

ಬಾಗಿಲು ಕಂಪ್ಯೂಟರಿನೊಳಗಿತ್ತು. ಚಿತ್ರವಿಲ್ಲ, ಸದ್ದಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಣ್ಣ ವಾಕ್ಯಗಳು: ನೀನು ಒಂದು ಮನೆಯ ಮುಂದೆ ಇದ್ದೀಯ. ಬಾಗಿಲು ಮುಚ್ಚಿದೆ. ಬೀಗ ಹಾಕಿಲ್ಲ. ಇಲ್ಲಿ ಯಾರೂ ಇಲ್ಲ. ಅದರ ಕೆಳಗೆ ಮಿನುಗುವ ಒಂದು ಸಣ್ಣ ಗೆರೆ. ಅಲ್ಲಿ ಮಗು ತಾನು ಏನು ಮಾಡುತ್ತೇನೆಂದು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ತೆರೆ, ಹೋಗು, ನೋಡು, ತೆಗೆದುಕೋ. ಟೈಪ್ ಮಾಡಿದಂತೆ ಕತೆ ಮುಂದೆ ಹೋಗುತ್ತದೆ.

ಆಟವನ್ನು ಹಚ್ಚಿಕೊಟ್ಟವಳು ಇಂಗ್ಲಿಷ್ ಕಲಿಸುವ ಮೆಹರುನ್ನಿಸಾ. ವಯಸ್ಸು ನಲವತ್ತಾರು. ಅವಳು ಮಕ್ಕಳ ಹಿಂದೆ ಕೈಕಟ್ಟಿ ನಿಂತಿದ್ದಳು. ಯಾರಿಗೂ ಏನೂ ಹೇಳಿಕೊಡಬಾರದು, ಪಕ್ಕದವರನ್ನು ಯಾರೂ ಕೇಳಬಾರದು ಎಂದು ನಿಯಮ ಮಾಡಿದ್ದಳು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ.

ಮೂರನೆಯ ಯಂತ್ರದ ಮುಂದೆ ಕೂತಿದ್ದ ಗುಲನಾಜ ಕೈ ಎತ್ತಿದಳು.

"ಟೀಚರ್, ಇದು ಯಾರ ಮನಿರಿ?"

"ಯಾರದೋ ಮನಿ. ಮುಂದ ಓದು."

"ಓದೀನ್ರಿ. ಯಾರೂ ಇಲ್ಲಂತ. ಎಲ್ಲಿ ಹೋಗ್ಯಾರ್ರಿ?"

"ಅದನ್ನ ನೀ ಆಟದಾಗ ಹುಡುಕಬೇಕು."

ಪಕ್ಕದ ಯಂತ್ರದಿಂದ ತಬ್ರೇಜ ಬಾಯಿ ಹಾಕಿದ. "ಹೊಲಕ್ಕ ಹೋಗಿರ್ತಾರ ಬಿಡು. ತೊಗರಿ ರಾಶಿ ನಡದೈತಿ."

"ತಬ್ರೇಜ, ನಿನ್ನ ಪರದಿ ನೋಡು" ಎಂದಳು ಮೆಹರುನ್ನಿಸಾ. ಅವನು ನೋಡಿದ. ಆದರೆ ಬಾಗಿಲು ತೆರೆಯಲಿಲ್ಲ.

ಹತ್ತೂ ಹತ್ತಕ್ಕೆ ಕೊನೆಯ ಸರದಿ ಮುಗಿಯಿತು. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತನಾಲ್ಕು ಮಂದಿ ಬಾಗಿಲು ದಾಟಿರಲಿಲ್ಲ. ಏಳು ಮಂದಿ ಒಳಗೆ ಹೋಗಿದ್ದರು, ಅವರಲ್ಲಿ ಐವರು ಮೇಜಿನ ಮೇಲಿದ್ದ ಕೀಲಿಕೈಯನ್ನು ಮುಟ್ಟದೆ ಹೊರಗೆ ಬಂದಿದ್ದರು. ಕೀಲಿ ತೆಗೆದುಕೊಂಡವರು ಇಬ್ಬರು. ಅವರಲ್ಲಿ ಒಬ್ಬ ಪಾರ್ಥ. ಹಿಂದೆ ನಿಂತು ಸರದಿಗೆ ಕಾಯುತ್ತಿದ್ದ ಅಫ್ರೋಜ ಅದನ್ನು ನೋಡಿ, "ಏ ಕಳ್ಳ! ಮಂದಿ ಮನ್ಯಾಗಿನ ಚಾವಿ ಹೊಡದನ್ರಿ ಟೀಚರ್" ಎಂದು ಕೂಗಿದ. ಇಡೀ ಕೋಣೆ ನಕ್ಕಿತು. ಪಾರ್ಥನ ಕಿವಿ ಕೆಂಪಾಯಿತು. ಅವನು ಕೀಲಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟು, ಮನೆಯಿಂದ ಹೊರಗೆ ಬಂದು, ಬಾಗಿಲನ್ನು ಮುಚ್ಚಿದ. ಮುಚ್ಚು ಎಂಬ ಇಂಗ್ಲಿಷ್ ಪದವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಟದ ಮನೆಗೆ ಮೇಲೊಂದು ಕೋಣೆಯಿತ್ತು. ಅದನ್ನು ಒಬ್ಬರೂ ತಲುಪಲಿಲ್ಲ.

ಆಟಗಳು ಒಂದು ಪೆನ್ ಡ್ರೈವಿನಲ್ಲಿ ಬಂದಿದ್ದವು. ಇಂಗ್ಲಿಷ್ ಕಲಿಯುವ ಮಕ್ಕಳಿಗಾಗಿ ಅಕ್ಷರಗಳಲ್ಲೇ ಆಡುವ ಒಂಬತ್ತು ಆಟಗಳು. ಇಂಟರ್‌ನೆಟ್ ಬೇಡ, ಹಳೆಯ ಯಂತ್ರವೂ ಸಾಕು. ಒಂಬತ್ತರಲ್ಲಿ ಮೂರನ್ನು ಆರಿಸಬೇಕು. ಆರಿಸುವವರು ನಾಲ್ಕು ತಾಲೂಕಿನ ನಾಲ್ವರು ಶಿಕ್ಷಕರು: ಇಂಡಿಯಿಂದ ಶ್ರೀನಿವಾಸ, ಮುದ್ದೇಬಿಹಾಳದಿಂದ ಸುಮಂಗಲಾ, ಬಸವನ ಬಾಗೇವಾಡಿಯಿಂದ ಬೀರಣ್ಣ, ಸಿಂದಗಿಯಿಂದ ಮೆಹರುನ್ನಿಸಾ. ಆರಿಸಿದ ಮೂರು ಆಟಗಳು ಜೂನ್‌ನಿಂದ ನಲವತ್ತು ಶಾಲೆಗಳಿಗೆ ಹೋಗುತ್ತವೆ. ಒಂದು ವರ್ಷ ಪಟ್ಟಿ ಬದಲಾಗುವುದಿಲ್ಲ.

ಅವಳು ಕೆಲಸವನ್ನು ಕ್ರಮವಾಗಿ ಮಾಡಿದ್ದಳು. ಮೊದಲು ವಾಕ್ಯಗಳ ಉದ್ದ ನೋಡಿದಳು. ಸಮುದ್ರಯಾನದ ಒಂದು ಆಟದ ಮೊದಲ ವಾಕ್ಯದಲ್ಲೇ ಇಪ್ಪತ್ತೇಳು ಪದಗಳಿದ್ದವು, ಅದನ್ನು ಬಿಟ್ಟಳು. ಗುಹೆಯ ಆಟದಲ್ಲಿ ಎರಡನೆಯ ಹೆಜ್ಜೆಗೇ ಆಡುವವನು ಗುಂಡಿಗೆ ಬಿದ್ದು ಸಾಯುತ್ತಿದ್ದ. ಹತ್ತು ಸಲ ಆಡಿದ ಮಗು ಕಲಿಯುವುದು 'ನೀನು ಸತ್ತೆ' ಎಂಬ ಒಂದೇ ವಾಕ್ಯ. ಅದೂ ಹೋಯಿತು. ಟೈಪ್ ಮಾಡುವ ಬದಲು ಒಂದು, ಎರಡು, ಮೂರು ಎಂಬ ಸಂಖ್ಯೆ ಒತ್ತುವ ಮೂರು ಆಟಗಳಿದ್ದವು. ಅವುಗಳಲ್ಲಿ ಅವಳು ಏನನ್ನೂ ಓದದೆ ಬರೀ ಒಂದನ್ನು ಒತ್ತುತ್ತ ಹೋದಳು. ಎರಡು ಆಟಗಳಲ್ಲಿ ನಿಧಿ ಸಿಕ್ಕಿತು. ಓದದೆ ಗೆಲ್ಲಬಹುದಾದ ಆಟದಿಂದ ಓದು ಬರುವುದಿಲ್ಲ ಎಂದು ವರದಿಯಲ್ಲಿ ಬರೆದು ಮೂರನ್ನೂ ಬಿಟ್ಟಳು.

ಉಳಿದವು ನಾಲ್ಕು. ಸಂತೆಯಲ್ಲಿ ಸಾಮಾನು ತರುವ ಆಟ, ತಪ್ಪಿಸಿಕೊಂಡ ಆಡನ್ನು ಹುಡುಕುವ ಆಟ, ಬಸ್ಸು ಹಿಡಿಯುವ ಆಟ, ಮತ್ತು ಖಾಲಿ ಮನೆ.

ಖಾಲಿ ಮನೆಯನ್ನು ಅವಳು ಹತ್ತು ಸಂಜೆ ಆಡಿದ್ದಳು. ಪರೀಕ್ಷಿಸಲು ಎರಡು ಸಂಜೆ ಸಾಕಿತ್ತು.

ಸಿಂದಗಿಯಲ್ಲಿ ಅವಳದು ಮೇಲಂತಸ್ತಿನ ಎರಡು ಕೋಣೆಯ ಬಾಡಿಗೆ ಮನೆ. ಹುಟ್ಟಿದ್ದು ಮೋರಟಗಿಯಲ್ಲಿ. ಮದುವೆಯಾಗಿರಲಿಲ್ಲ. ಹದಿನಾಲ್ಕು ವರ್ಷ ಆ ಮನೆಯಲ್ಲಿ ತಾಯಿ ಶಮ್ಶುನ್ನೀಸಾ ಜೊತೆಗಿದ್ದರು. ಹೋದ ಫೆಬ್ರುವರಿಯಲ್ಲಿ ತೀರಿಕೊಂಡರು. ಶಾಲೆಯಿಂದ ಬಂದವಳು ಐದೂವರೆಗೆ ಚಹಾ ಮಾಡಿಕೊಂಡು, ಲ್ಯಾಪ್‌ಟಾಪ್ ತೆರೆದು, ಮಕ್ಕಳಿಗೆ ಹೇಗೆ ಕೇಳಿಸಬಹುದು ಎಂದು ತಿಳಿಯಲು ಆಟದ ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾಲ್ಕನೆಯ ಸಂಜೆ ಕೆಳಮನೆಯ ಒಡತಿ ತುಳಸೀಬಾಯಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಪ್ ಚಹಾ.

"ಟೀಚರಬಾಯಿ, ಪಾವಣೇರು ಬಂದಾರೇನ್ರಿ? ನಾಕ್ ದಿನದಿಂದ ಮಾತು ಕೇಳಾಕತ್ತೈತಿ."

"ಯಾರೂ ಇಲ್ರಿ ಬಾಯಿ. ನಾನ ಓದಾಕತ್ತೀನಿ."

ತುಳಸೀಬಾಯಿ ಕೋಣೆಯನ್ನೊಮ್ಮೆ ನೋಡಿದರು. "ಹಂಗೇನು" ಎಂದು ಎರಡೂ ಕಪ್ಪುಗಳನ್ನು ಮೇಜಿನ ಮೇಲಿಟ್ಟು ಇಳಿದು ಹೋದರು. ಕೆಳಗೆ ಮೊಮ್ಮಗಳು ವರದಾ ಅಳುತ್ತಿದ್ದಳು. ಮೆಹರುನ್ನಿಸಾ ಎರಡು ಕಪ್ ಚಹಾವನ್ನೂ ತಾನೇ ಕುಡಿದಳು.

ಆಟದ ಮನೆಗೆ ಕೆಳಗೆ ಮೂರು ಕೋಣೆ, ಮೇಲೆ ಒಂದು. ಮೇಜಿನ ಮೇಲಿನ ಕೀಲಿಯಿಂದ ಮೆಟ್ಟಿಲ ಬಾಗಿಲು ತೆರೆಯಬೇಕು, ದೀಪ ಹಚ್ಚಿಕೊಂಡು ಹತ್ತಬೇಕು. ಮೇಲಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿದ ಒಂದು ಕುರ್ಚಿ. ಕುರ್ಚಿಯನ್ನು ನೋಡು ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಇಂಗ್ಲಿಷಿನ ಆರು ಪದಗಳ ಒಂದು ಸಾಲು ಬರುತ್ತದೆ. ಇವತ್ತು ಬೆಳಿಗ್ಗೆ ಯಾರೋ ಇಲ್ಲಿ ಕೂತಿದ್ದರು. ಅಲ್ಲಿಗೆ ಆಟ ಮುಗಿಯುತ್ತದೆ. ಯಾರು ಕೂತಿದ್ದರು, ಎಲ್ಲಿ ಹೋದರು ಎಂದು ಆಟ ಹೇಳುವುದಿಲ್ಲ.

ಅವಳಿಗೆ ಅದನ್ನು ಯಾರ ಜೊತೆಗಾದರೂ ಮಾತಾಡಬೇಕಿತ್ತು. ಮುದುಕಿಯೊಬ್ಬಳು ಕೂತಿದ್ದಳು ಎಂದು ಅವಳ ಊಹೆ. ಬೇರೆಯವರಿಗೆ ಬೇರೆ ಅನ್ನಿಸಬಹುದು. ಮೂವತ್ತೊಂದು ಮಕ್ಕಳು ಆ ಕೋಣೆಯನ್ನು ತಲುಪಿದರೆ ಮೂವತ್ತೊಂದು ಉತ್ತರ ಬರುತ್ತದೆ, ನಲವತ್ತು ಶಾಲೆಗೆ ಹೋದರೆ ಇನ್ನೂ ಎಷ್ಟೋ. ಆಟ ಪಟ್ಟಿಗೆ ಸೇರಿದರೆ ವರ್ಷವಿಡೀ ಅದರ ಮಾತು ನಡೆಯುತ್ತದೆ. ಹೋದ ವಾರ ಫೋನಿನಲ್ಲಿ ಅವಳೇ ಶ್ರೀನಿವಾಸನಿಗೆ ಹೇಳಿದ್ದಳು, "ಸರ್, ಎಲ್ಲಾದಕ್ಕಿಂತ ಆ ಮನಿ ಆಟ ಚಲೋ ಐತ್ರಿ." ಅವನು, "ಆತ್ರಿ, ಬರಕೊಂಡೆ" ಎಂದಿದ್ದ.

ಶನಿವಾರ ಮಕ್ಕಳು ಮನೆಗೆ ಹೊರಟಾಗ ಅವಳು ಗುಲನಾಜಳನ್ನು ನಿಲ್ಲಿಸಿಕೊಂಡಳು. ಶಬ್ದ ತಿಳಿಯದೆ ಹೀಗಾಗಿರಬೇಕು ಎಂಬುದು ಅವಳ ಮೊದಲ ಅನುಮಾನ. ಪರದೆಯ ನಾಲ್ಕು ವಾಕ್ಯಗಳನ್ನು ಕಾಗದದ ಮೇಲೆ ಬರೆದು ಅರ್ಥ ಕೇಳಿದಳು. ಹುಡುಗಿ ನಾಲ್ಕನ್ನೂ ಸರಿಯಾಗಿ ಹೇಳಿದಳು. ತೆರೆ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ, "ಓಪನ್ರಿ" ಎಂದಳು.

"ಗೊತ್ತಿದ್ರ ಯಾಕ ತಗೀಲಿಲ್ಲ?"

"ಮನ್ಯಾಗ ಮಂದಿ ಇಲ್ಲಲ್ರಿ."

"ಅದಕ್ಕ?"

ಗುಲನಾಜ ಟೀಚರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದಳು. "ಮಂದಿ ಇಲ್ಲಂದ್ರ ಕಟ್ಟಿ ಮ್ಯಾಲ ಕುಂಡ್ರಬೇಕ್ರಿ. ಅವರು ಬಂದು ಒಳಗ ಬಾ ಅಂದ ಮ್ಯಾಲ ಹೋಗೂದು."

"ಬರದಿದ್ರ?"

"ಬರ್ತಾರ್ರಿ. ಬೀಗ ಹಾಕಿಲ್ಲಲ್ರಿ ಮತ್ತ. ದೂರ ಹೋಗಿರೂದಿಲ್ಲ."

"ಎಷ್ಟೊತ್ತು ಕುಂಡ್ರಾಕಿ?"

"ಬರೂತನಕ" ಎಂದು ಗುಲನಾಜ ಚೀಲ ಬೆನ್ನಿಗೇರಿಸಿದಳು. "ನಿಮ್ಮ ಆಟದಾಗ ಕಟ್ಟೀನ ಇಲ್ರಿ ಟೀಚರ್. ಸಿಟ್ ಅಂತ ಹೊಡದರ ತಿಳಿಯಾಂಗಿಲ್ಲ ಅದಕ್ಕ."

ಮಕ್ಕಳು ಟೈಪ್ ಮಾಡಿದ್ದೆಲ್ಲ ಯಂತ್ರದಲ್ಲಿ ಉಳಿದಿರುತ್ತದೆ. ಅವಳು ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಮನೆಗೆ ತಂದಳು. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮೂವತ್ತೊಂದು ಮಕ್ಕಳದನ್ನೂ ಸಾಲು ಸಾಲಾಗಿ ಓದಿದಳು.

ಹನ್ನೊಂದು ಮಕ್ಕಳು ಹಲೋ ಎಂದಿದ್ದರು. ಆರು ಮಂದಿ ಆಂಟಿ ಎಂದು, ಒಬ್ಬಳು ಅಜ್ಜಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕರೆದಿದ್ದರು. ಅಫ್ರೋಜ ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆದು ತಾನು ಯಾರೆಂದು ತಿಳಿಸಿದ್ದ. ಕಳ್ಳ ಎಂದು ಕೂಗಿದವನು ತಾನೇ ಹೊರಗೆ ನಿಂತು ಪರಿಚಯ ಹೇಳಿಕೊಂಡಿದ್ದ. ಆ ಪದ ನನಗೆ ತಿಳಿಯಲಿಲ್ಲ ಎಂದು ಆಟ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿತ್ತು.

ಗುಲನಾಜ ಹಲೋ ಎಂದಳು, ಆಂಟಿ ಎಂದಳು, ಕೂತುಕೋ ಎಂದಳು. ನಾಲ್ಕನೆಯದಾಗಿ ಕಾಯು ಎಂಬ ಇಂಗ್ಲಿಷ್ ಪದ ಟೈಪ್ ಮಾಡಿದ್ದಳು. ಅದೊಂದು ಆಟಕ್ಕೆ ಗೊತ್ತಿತ್ತು. ಉತ್ತರ ಬಂತು: ಹೊತ್ತು ಸರಿಯಿತು. ಯಾರೂ ಬರಲಿಲ್ಲ.

ಅವಳು ಮತ್ತೆ ಕಾಯು ಎಂದಳು. ಹೊತ್ತು ಸರಿಯಿತು. ಯಾರೂ ಬರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಆ ಹುಡುಗಿ ನಲವತ್ತಮೂರು ಸಲ ಕಾದಿದ್ದಳು. ಮೆಹರುನ್ನಿಸಾ ಎರಡು ಸಲ ಎಣಿಸಿದಳು.

ಆಮೇಲೆ ತನ್ನದೇ ಹತ್ತು ಸಂಜೆಗಳ ದಾಖಲೆ ತೆಗೆದಳು. ಅದೂ ಲ್ಯಾಪ್‌ಟಾಪಿನಲ್ಲಿತ್ತು. ಹತ್ತು ಸಲವೂ ಅವಳ ಮೊದಲ ಪದ ತೆರೆ ಎಂಬುದೇ. ಯಾರನ್ನೂ ಕರೆದಿರಲಿಲ್ಲ. ಮೋರಟಗಿಯಲ್ಲಿ ಹುಡುಗಿಯಾಗಿದ್ದಾಗ ಅವಳೂ ಮಂದಿಯ ಮನೆಯ ಹೊಸ್ತಿಲ ಹೊರಗೆ ನಿಂತು, "ಯಾರದಾರ್ರಿ ಒಳಗ?" ಎಂದು ಕೂಗಿ ಕಾದವಳೇ. ಈ ಮೇಲಂತಸ್ತಿಗೆ ಬರುವಾಗಲೂ ಕೊನೆಯ ಮೆಟ್ಟಿಲಿನಲ್ಲಿ, "ಅಮ್ಮಾ, ಬಂದ್ನಿ" ಎನ್ನುತ್ತಿದ್ದಳು. ಆಮೇಲೆ ಬೀಗ ತೆಗೆದು ಒಳಗೆ ಹೋಗುವುದಷ್ಟೇ ಉಳಿಯಿತು. ಯಾರೂ ಇಲ್ಲದ ಮನೆಯೊಳಗೆ ಹೋಗುವುದು ಮಕ್ಕಳಿಗೆ ಕಷ್ಟವಾಗಬಹುದು ಎಂದು ಹತ್ತು ಸಂಜೆಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಆಟ ತೆರೆದು ಕಾಯು ಎಂದು ಟೈಪ್ ಮಾಡಿದಳು. ಹನ್ನೊಂದು ಸಲ ಮಾಡಿ ನಿಲ್ಲಿಸಿದಳು.

ಸೋಮವಾರ ಅದೇ ಮಕ್ಕಳಿಗೆ ಸಂತೆಯ ಆಟ ಕೊಟ್ಟಳು. ಅದರಲ್ಲಿ ಎಣ್ಣೆ ಮಾರುವವ, ಬಳೆ ಮಾರುವವಳು, ದಾರಿ ತಿಳಿದ ಒಬ್ಬ ಅಜ್ಜ ಇದ್ದಾರೆ, ಕೇಳಿದರೆ ಹೇಳುತ್ತಾರೆ. ವಾಕ್ಯಗಳು ಉದ್ದ, ಹೊಸ ಪದಗಳು ಹೆಚ್ಚು, ಕತೆಯಲ್ಲಿ ಹುರುಳಿಲ್ಲ ಎಂದು ಅವಳೇ ವರದಿಯಲ್ಲಿ ಬರೆದಿದ್ದಳು. ಹತ್ತೊಂಬತ್ತು ಮಕ್ಕಳು ಅದನ್ನು ಮುಗಿಸಿದರು. ತಬ್ರೇಜ ಬಳೆಯವಳ ಜೊತೆ ಎಂಟು ನಿಮಿಷ ಚೌಕಾಸಿ ಮಾಡಿ ಆಟದ ಸಮಯ ಕಳೆದ.

ಮಂಗಳವಾರ ಬೆಳಿಗ್ಗೆ ಅವಳು ಸಿಂದಗಿಯಿಂದ ಬಸ್ಸು ಹತ್ತಿದಳು. ದೇವರಹಿಪ್ಪರಗಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಬಸವನ ಬಾಗೇವಾಡಿಗೆ ಹೋದಳು. ಸಭೆ ಹನ್ನೊಂದೂವರೆಗೆ. ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಮೇಜು. ಉಳಿದ ಮೂವರು ಮೊದಲೇ ಬಂದಿದ್ದರು.

"ಬರ್ರಿ ಮೇಡಂ, ಬರ್ರಿ" ಎಂದ ಬೀರಣ್ಣ. ಅವನು ಬಾಗೇವಾಡಿಯವನು, ಸಭೆ ತನ್ನ ಮನೆಯದೇ ಎಂಬಂತೆ ಓಡಾಡುತ್ತಿದ್ದ. "ನೀವು ಬಂದ್ರಿ ಅಂದ್ರ ಸಹಿ ಮಾಡೂದು, ಊಟಾ ಮಾಡೂದು. ಮುಗದಂಗ."

ನಾಲ್ವರಲ್ಲಿ ಹಿರಿಯನಾದ ಶ್ರೀನಿವಾಸ ಹಾಳೆಯನ್ನು ಅವಳತ್ತ ಸರಿಸಿದ. "ನೋಡ್ರಿ, ನಾಕೂ ಮಂದೀದು ಒಂದ ಅಭಿಪ್ರಾಯ. ಮೊದಲನೇದು ಮನಿ ಆಟ. ನೀವ ಹೇಳಿದ್ದು. ಎರಡನೇದು ಬಸ್ಸು, ಮೂರನೇದು ಆಡು."

ಮೂವರ ಸಹಿಯೂ ಬಿದ್ದಿತ್ತು. ನಾಲ್ಕನೆಯ ಸಾಲು ಖಾಲಿ ಇತ್ತು.

ಅವಳು ಹಾಳೆಯನ್ನು ಓದಿದಳು. ಪೆನ್ನು ತೆಗೆಯಲಿಲ್ಲ.

"ಮಕ್ಕಳ ಕಡೆ ಆಡಿಸಿ ನೋಡಿದ್ರೇನ್ರಿ?" ಎಂದು ಕೇಳಿದಳು.

"ನೋಡದ ಬಿಡ್ತೀವೇನ್ರಿ? ನಮ್ಮವು ಹತ್ತ ನಿಮಿಷದಾಗ ಮುಗಿಸಿದ್ವು" ಎಂದ ಬೀರಣ್ಣ.

"ಬಾಗಲಾ ಹೆಂಗ ದಾಟಿದ್ರು?"

"ಹೆಂಗಂದ್ರ? ಓಪನ್ ಅಂತ ಹೊಡೀರಿ ಅಂದ್ನಿ, ಹೊಡದ್ರು. ಚಾವಿ ತಗೋರಿ ಅಂದ್ನಿ, ತಗೊಂಡ್ರು."

ಸುಮಂಗಲಾ ನಕ್ಕಳು. "ಅಂದ್ರ ನೀವ ಆಡೀರಿ ಬೀರಣ್ಣ ಸರ್. ಮಕ್ಕಳು ಬರೇ ಟೈಪಿಸ್ಟ್."

"ನೀವೇನ್ ಮಾಡೀರಿ ಹೇಳ್ರಿ?"

"ನಂದೂ ಹಂಗ" ಎಂದಳು ಸುಮಂಗಲಾ. "ಬಾಗಲದಾಗ ನಿಂತ್ವು ಕೂಸುಗಳು. ಹೊತ್ತಾತು ಅಂತ ಹೇಳಿಕೊಟ್ಟೆ."

ಶ್ರೀನಿವಾಸ ಆಡಿಸಿದ್ದು ನಾಲ್ಕು ಮಕ್ಕಳಿಂದ, ತರಗತಿಯಲ್ಲಿ ಜಾಣರಾದ ನಾಲ್ವರಿಂದ. ಅದನ್ನು ಅವನೇ ಹೇಳಿದ.

"ಮ್ಯಾಲಿನ ಖೋಲಿ ನೋಡೀರೇನ್ರಿ ಯಾರರ?" ಎಂದು ಮೆಹರುನ್ನಿಸಾ ಕೇಳಿದಳು. "ಅಲ್ಲಿ ಒಂದು ಕುರ್ಚಿ ಐತಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮ್ಯಾಲ ಖೋಲಿ ಐತೇನ್ರಿ?" ಎಂದ ಬೀರಣ್ಣ. "ನಮ್ಮವು ಚಾವಿ ತಗೊಂಡ್ವು, ಮುಗೀತಂದ್ನಿ ನಾ."

"ನನಗೂ ಗೊತ್ತಿಲ್ರಿ" ಎಂದಳು ಸುಮಂಗಲಾ. "ಟೈಮ್ ಎಲ್ಲಿ ಐತಿ? ಮನಿ, ಸಾಲಿ, ಮತ್ತ ಇದು."

ಶ್ರೀನಿವಾಸ ಕನ್ನಡಕ ತೆಗೆದು ಒರೆಸಿದ. "ವಾಕ್ಯ ಸಣ್ಣ ಅದಾವು, ಶಬ್ದ ಸರಳ ಅದಾವು, ನಿಮಗ ಸೇರೇತಿ. ಇನ್ನೇನು ಬೇಕ್ರಿ?"

ಸಹಿ ಮಾಡಿದರೆ ಆಟ ನಲವತ್ತು ಶಾಲೆಗೆ ಹೋಗುತ್ತಿತ್ತು. ಅವಳು ಚೀಲದಿಂದ ತನ್ನ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟು ಓದಿದಳು. ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಮಕ್ಕಳು ಬಾಗಿಲಲ್ಲೇ ಉಳಿದದ್ದು, ಕೀಲಿ ತೆಗೆದುಕೊಂಡವರು ಇಬ್ಬರು, ಮೇಲಿನ ಕೋಣೆಗೆ ಯಾರೂ ಹೋಗದಿದ್ದದ್ದು, ಒಬ್ಬಳು ನಲವತ್ತಮೂರು ಸಲ ಕಾದದ್ದು.

"ಏನ್ ಕಾಯಾಕತ್ತಿದ್ಲು ಹುಡುಗಿ?" ಎಂದ ಬೀರಣ್ಣ.

"ಮನಿ ಮಂದಿ ಬರಲಿ ಅಂತ."

ಬೀರಣ್ಣ ನಗಲು ಹೊರಟವನು ನಗಲಿಲ್ಲ. "ಖರೆ ಐತಲ್ರಿ ಮತ್ತ" ಎಂದ. "ನಾವ ಹಂಗ ಕಲಿಸೀವಿ."

"ಹೇಳಿಕೊಟ್ರ ಆತಲ್ರಿ?" ಎಂದ ಶ್ರೀನಿವಾಸ. "ಇದು ಆಟ, ಹೋಗಬಹುದು ಅಂತ ಒಂದ ಮಾತು."

"ಹೇಳಿಕೊಟ್ರ ಹೋಗ್ತಾರ್ರಿ. ಆದ್ರ ಹೆಜ್ಜಿ ಹೆಜ್ಜಿಗೂ ಹೇಳಬೇಕಾಕ್ಕೈತಿ. ಆಗ ಓದಾವರು ನಾವು, ಅವರಲ್ಲ. ನಲವತ್ತು ಸಾಲ್ಯಾಗ ಅದ ಆಕ್ಕೈತಿ. ಸಂತಿ ಆಟಕ್ಕ ಯಾರೂ ಹೇಳಿಕೊಡೂದು ಬೇಕಾಗಲಿಲ್ಲ. ಹತ್ತೊಂಬತ್ತು ಮಂದಿ ಮುಗಿಸ್ಯಾರ."

"ಆದ್ರ ನಿಮಗ ಆ ಮನಿ ಆಟ ಭಾಳ ಸೇರಿತ್ತಲ್ರಿ. ಫೋನಿನ್ಯಾಗ ನೀವ ಅಂದ್ರಿ."

"ಸೇರೇತ್ರಿ" ಎಂದಳು ಮೆಹರುನ್ನಿಸಾ. "ನನಗ."

ಶ್ರೀನಿವಾಸ ಹಾಳೆಯನ್ನು ವಾಪಸ್ ಎಳೆದುಕೊಂಡ. ಮೊದಲನೆಯ ಸಾಲನ್ನು ಅಡ್ಡಗೆರೆ ಹಾಕಿ ಹೊಡೆದು, ಮೇಲೆ ಸಂತೆ ಎಂದು ಬರೆದ. ತಿದ್ದಿದ ಜಾಗದಲ್ಲಿ ನಾಲ್ವರೂ ಸಣ್ಣ ಸಹಿ ಹಾಕಿದರು. ಹನ್ನೆರಡೂ ಇಪ್ಪತ್ತಕ್ಕೆ ಸಭೆ ಮುಗಿಯಿತು. ಬೀರಣ್ಣ ಎಲ್ಲರಿಗೂ ಊಟ ಹಾಕಿಸಿದ. ಊಟದಲ್ಲಿ ಮಾತು ವರ್ಗಾವಣೆಯ ಕಡೆಗೆ ಹೋಯಿತು, ಆಮೇಲೆ ಸುಮಂಗಲಾಳ ಮಗಳ ಮದುವೆಯ ಕಡೆಗೆ.

ಹೊರಗೆ ಬಂದಾಗ ಸುಮಂಗಲಾ ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದಳು.

"ಅಕ್ಕಾರ, ಆ ಮ್ಯಾಲಿನ ಖೋಲ್ಯಾಗ ಏನೈತ್ರಿ? ಕುರ್ಚಿ ಅಂದ್ರಲ್ಲ."

ಮೆಹರುನ್ನಿಸಾ ನಿಂತಳು. "ಕುರ್ಚಿ ಕಿಟಕಿ ಕಡೆ ಮಾರಿ ಮಾಡಿ ಇಟ್ಟಾರ. ಅಲ್ಲಿ..."

"ಅಯ್ಯ, ನನ್ನ ಬಸ್ಸು!" ಎಂದು ಸುಮಂಗಲಾ ಸೆರಗು ಸಿಕ್ಕಿಸಿಕೊಂಡು ಓಡಿದಳು. ಮುದ್ದೇಬಿಹಾಳದ ಬಸ್ಸು ಆಗಲೇ ತಿರುಗುತ್ತಿತ್ತು. ಬಾಗಿಲಲ್ಲಿ ನಿಂತು, "ಫೋನ್ ಮಾಡ್ತೇನ್ರಿ!" ಎಂದು ಕೂಗಿ ಹೇಳಿದಳು.

ಮೆಹರುನ್ನಿಸಾ ತನ್ನ ಬಸ್ಸಿಗೆ ನಲವತ್ತು ನಿಮಿಷ ಕಾಯಬೇಕಾಯಿತು.

ಶುಕ್ರವಾರ ಪಟ್ಟಿ ಹೊರಬಿತ್ತು: ಸಂತೆ, ಬಸ್ಸು, ಆಡು. ಪಟ್ಟಿಯಲ್ಲಿಲ್ಲದ ಆಟಗಳನ್ನು ಯಂತ್ರಗಳಿಂದ ತೆಗೆಯಬೇಕೆಂದು ಸೂಚನೆಯಿತ್ತು. ಶನಿವಾರ ಬೆಳಿಗ್ಗೆ ಮಕ್ಕಳು ಬರುವ ಮುನ್ನ ಅವಳು ಆರು ಯಂತ್ರಗಳಿಂದಲೂ ಖಾಲಿ ಮನೆಯನ್ನು ಅಳಿಸಿದಳು. ನಾಲ್ಕು ನಿಮಿಷ ಹಿಡಿಯಿತು. ಸುಮಂಗಲಾ ಮುಂದಿನ ತಿಂಗಳು ಮಗಳ ಮದುವೆಗೆ ಕರೆಯಲು ಫೋನ್ ಮಾಡಿದಳು, ಹನ್ನೆರಡು ನಿಮಿಷ ಮಾತಾಡಿದಳು. ಮೇಲಿನ ಕೋಣೆಯ ಮಾತು ಅದರಲ್ಲಿ ಬರಲಿಲ್ಲ.